ವೆಬ್‌ಸೈಟ್ ಬರಹ: ನೀವೇ ಬರೆಯೋದಾ, ಬರೆಯೋರಿಗೆ ಕೊಡೋದಾ?

ವೆಬ್‌ಸೈಟ್ ಮಾಡಿಸಲು ಹೊರಟವರು ಡಿಸೈನ್ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಲೋಗೊ ಹಸಿರಿರಲೋ ಕೆಂಪಿರಲೋ ಅಂತ ಮನೆಯವರನ್ನೆಲ್ಲ ಕೇಳುತ್ತಾರೆ. ಬರಹದ ಮಾತು ಬರುವುದು ಕಟ್ಟಕಡೆಗೆ, ಡೆವಲಪರ್ ಫೋನ್ ಮಾಡಿ "ಸರ್, ಕಂಟೆಂಟ್ ಒಂದು ಕಳಿಸ್ಬಿಡಿ, ನಾಳೆನೇ ಲೈವ್ ಮಾಡೋಣ" ಅಂದಾಗ. ಆಗ ಅವಸರದಲ್ಲಿ ಏನೋ ಒಂದು ಆಗುತ್ತದೆ. ರಾತ್ರಿ ಕೂತು ಮಾಲೀಕರೇ ಬರೆಯುತ್ತಾರೆ. ಇಲ್ಲ, "ನೀವೇ ಏನಾದ್ರೂ ಹಾಕಿಬಿಡಿ" ಅಂತ ಡೆವಲಪರ್‌ಗೆ ಹೇಳುತ್ತಾರೆ. ಈಗಂತೂ ಚಾಟ್‌ಜಿಪಿಟಿ ಇದೆ. ದುಡ್ಡು ಕೊಟ್ಟು ಕಾಪಿರೈಟರ್, ಅಂದರೆ ವ್ಯಾಪಾರದ ಬರಹ ಬರೆದುಕೊಡುವವರ ಕೈಲಿ ಬರೆಸಬಹುದು ಅನ್ನೋದು ಹೊಳೆಯುವುದೇ ಕಡಿಮೆ. ಹೊಳೆದರೂ "ಬರೆಯೋಕೂ ದುಡ್ಡಾ?" ಅನ್ನಿಸುತ್ತದೆ.

ಬರೆಯುವುದೇ ನನ್ನ ಕೆಲಸ. ಎಲ್ಲರೂ ಕಾಪಿರೈಟರ್ ಹಿಡಿಯಿರಿ ಅಂದರೆ ನನ್ನಂಥವರಿಗೇ ಲಾಭ. ಆದರೆ ಅದು ನಿಜವಲ್ಲ. ಎಷ್ಟೋ ವ್ಯಾಪಾರಗಳಿಗೆ ಈ ಖರ್ಚು ಬೇಡವೇ ಬೇಡ. ಕೆಲವಕ್ಕೆ ಈಗ ಬೇಡ, ಒಂದು ವರ್ಷ ಬಿಟ್ಟು ಬೇಕು. ಇನ್ನು ಕೆಲವಕ್ಕೆ ಮೊದಲ ದಿನದಿಂದಲೇ ಬೇಕು. ನೀವು ಯಾವ ಗುಂಪಿನವರು ಅಂತ ಗೊತ್ತುಮಾಡಿಕೊಳ್ಳೋಣ.

ನಿಮ್ಮ ಸೈಟ್ ಮಾರಬೇಕಾ, ಗುರುತು ಹೇಳಿದರೆ ಸಾಕಾ?

ಎಲ್ಲದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಉತ್ತರ ಒಂದೊಂದು ವ್ಯಾಪಾರಕ್ಕೆ ಒಂದೊಂದು ಥರ.

ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹದ ಬಿಡಿಭಾಗ ಮಾಡಿಕೊಡುವ ಒಂದು ಮಷೀನ್ ಶಾಪ್ ಇದೆ ಅಂದುಕೊಳ್ಳಿ. ಅದರ ಸೈಟ್ ನೋಡುವವರು ಪುಣೆಯದ್ದೋ ಬೆಂಗಳೂರಿನದ್ದೋ ಕಂಪನಿಯ ಪರ್ಚೇಸ್ ವಿಭಾಗದವರು. ಅವರಿಗೆ ಬೇಕಾದದ್ದು ಪಟ್ಟಿ. ಯಾವ ಯಾವ ಮಷೀನ್ ಇವೆ, ಬೆಡ್ ಸೈಜ್ ಎಷ್ಟು, ಅಳತೆಯನ್ನು ಎಷ್ಟು ಮೈಕ್ರಾನ್ ತನಕ ನಿಖರವಾಗಿ ಹಿಡಿಯಬಲ್ಲಿರಿ, ಯಾವ ಲೋಹದಲ್ಲಿ ಕೆಲಸ ಮಾಡಿದ್ದೀರಿ, ಅಳತೆ ಪರೀಕ್ಷೆಗೆ ಏನಿದೆ, ಐಎಸ್ಒ ಸರ್ಟಿಫಿಕೇಟ್ ಇದೆಯಾ, ಡ್ರಾಯಿಂಗ್ ಯಾವ ಇಮೇಲ್‌ಗೆ ಕಳಿಸಬೇಕು. ಇಷ್ಟಿದ್ದರೆ ಅವರು ಕೊಟೇಶನ್ ಕೇಳುತ್ತಾರೆ. ಇಲ್ಲದಿದ್ದರೆ ಎಷ್ಟೇ ಚೆಂದದ ಮಾತಿದ್ದರೂ ಮುಂದಿನ ಸೈಟ್‌ಗೆ ಹೋಗುತ್ತಾರೆ. ಇಂಥ ಕಡೆ ಕಾಪಿರೈಟರ್ ಬೇಡ. ಸೂಪರ್‌ವೈಸರ್ ಜೊತೆ ಅರ್ಧ ದಿನ ಕೂತು ಪಟ್ಟಿ ಮಾಡಿ. ಇಂಗ್ಲಿಷ್ ತಪ್ಪಿಲ್ಲದಂತೆ ಯಾರಾದರೂ ಒಮ್ಮೆ ಓದಲಿ. ಮುಗಿಯಿತು.

ಈಗ ಬ್ಯಾಡಗಿಗೆ ಬನ್ನಿ. ಅಲ್ಲಿನ ಮೆಣಸಿನಕಾಯಿ ಪುಡಿ ಮಾಡಿ ನೇರವಾಗಿ ಗ್ರಾಹಕರಿಗೆ ಕಳಿಸುವ ಸಣ್ಣ ವ್ಯಾಪಾರ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತ ಗ್ರಾಹಕರಿಗೆ ಪುಡಿಯ ವಾಸನೆ ಸಿಗುವುದಿಲ್ಲ, ಬೆರಳಲ್ಲಿ ಮುಟ್ಟಿ ನೋಡಲು ಆಗುವುದಿಲ್ಲ. ಮನೆ ಹತ್ತಿರದ ಅಂಗಡಿಯಲ್ಲಿ ಕಡಿಮೆ ರೇಟಿಗೆ ಪ್ಯಾಕೆಟ್ ಇದೆ. ನಿಮ್ಮದನ್ನೇ ಯಾಕೆ ತರಿಸಬೇಕು ಅನ್ನುವುದಕ್ಕೆ ಉತ್ತರ ಕೊಡಬೇಕಾದದ್ದು ಪುಟದ ಮೇಲಿನ ಮಾತು ಮತ್ತು ಫೋಟೊ, ಅಷ್ಟೇ. ಇಲ್ಲಿ ಬರಹವೇ ಅಂಗಡಿಯ ಗಲ್ಲೆ ಮೇಲೆ ಕೂತು ವ್ಯಾಪಾರ ಮಾಡುತ್ತದೆ. ಖರ್ಚು ಮಾಡಬೇಕಾದ ಜಾಗ ಇದು.

ಮೂಡಿಗೆರೆ ಕಡೆಯ ಹೋಮ್‌ಸ್ಟೇ ಇವೆರಡರ ನಡುವೆ ಬರುತ್ತದೆ. ಅರ್ಧ ಕೆಲಸ ಫೋಟೊ ಮಾಡುತ್ತದೆ. ಉಳಿದ ಅರ್ಧ, ಬರುವವರ ಅನುಮಾನಗಳಿಗೆ ಉತ್ತರ. ಕೊನೆಯ ಮೂರು ಕಿಲೋಮೀಟರ್ ರಸ್ತೆಗೆ ಸಣ್ಣ ಕಾರು ಬರುತ್ತದಾ? ಮಳೆಗಾಲದಲ್ಲಿ ಜಿಗಣೆ ಇರುತ್ತದಾ? ಕರೆಂಟ್ ಹೋದರೆ ಏನು? ವಯಸ್ಸಾದವರಿಗೆ ಮೆಟ್ಟಿಲು ಎಷ್ಟು? ರಾತ್ರಿ ಊಟ ಎಷ್ಟು ಗಂಟೆಗೆ, ಅಕ್ಕಿ ರೊಟ್ಟಿ ಸಿಗುತ್ತದಾ? ಇವನ್ನು ನಿಮ್ಮಷ್ಟು ಚೆನ್ನಾಗಿ ಯಾರೂ ಬರೆಯಲಾರರು. ಬರೆದದ್ದನ್ನು ಒಪ್ಪ ಮಾಡಿಕೊಡುವವರು ಮಾತ್ರ ಸಾಕು.

ನಾಲ್ಕನೆಯ ಗುಂಪೊಂದಿದೆ, ಇವರು ಹುಷಾರಾಗಿರಬೇಕು. ವಕೀಲರು, ವೈದ್ಯರು, ಚಾರ್ಟರ್ಡ್ ಅಕೌಂಟೆಂಟ್‌ಗಳು. ಇವರ ವೃತ್ತಿ ನಿಯಮಗಳೇ ಜಾಹೀರಾತಿಗೆ ಕಡಿವಾಣ ಹಾಕಿವೆ. ವಕೀಲರಿಗೆ ಬಾರ್ ಕೌನ್ಸಿಲ್‌ನ 36ನೇ ನಿಯಮ ಇದೆ. 2008ರಲ್ಲಿ ತಿದ್ದುಪಡಿ ಆಗಿ ವೆಬ್‌ಸೈಟ್‌ಗೆ ಅನುಮತಿ ಸಿಕ್ಕಿತು. ಆದರೆ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ಯಾವ ಬಗೆಯ ಕೇಸು ನೋಡುತ್ತಾರೆ ಅನ್ನುವಂಥ ವಿವರಕ್ಕೆ ಮಾತ್ರ. ವೈದ್ಯರು ರೋಗಿಗಳನ್ನು ಸೆಳೆಯಲು ಜಾಹೀರಾತು ಮಾಡಬಾರದು ಅಂತ 2002ರ ವೃತ್ತಿ ನಿಯಮಾವಳಿ ಹೇಳುತ್ತದೆ. "ಊರಿಗೇ ನಂಬರ್ ಒನ್" ಅಂತ ಬರೆದುಕೊಡುವ ಕಾಪಿರೈಟರ್‌ನಿಂದ ಇವರಿಗೆ ತೊಂದರೆಯೇ ಹೊರತು ಉಪಕಾರ ಇಲ್ಲ. ಸಮಯ, ಜಾಗ, ಫೋನ್ ನಂಬರ್, ಯಾವ ಕಾಗದ ತರಬೇಕು ಅನ್ನುವ ವಿವರ ಸರಿಯಾಗಿ ಹಾಕಿದರೆ ಇವರ ಸೈಟ್ ಕೆಲಸ ಮುಗಿಯುತ್ತದೆ.

ಲೆಕ್ಕ ಹಾಕಿ ನೋಡಿ

ಬರಹಕ್ಕೆ ಎಷ್ಟು ಕೊಡಬಹುದು ಅನ್ನೋದು ಬರೆಯುವವರ ರೇಟಿನಿಂದ ತೀರ್ಮಾನ ಆಗುವುದಲ್ಲ. ನಿಮ್ಮ ಸೈಟ್‌ಗೆ ಎಷ್ಟು ಜನ ಬರುತ್ತಾರೆ, ಒಂದು ಆರ್ಡರ್‌ಗೆ ಎಷ್ಟು ಉಳಿಯುತ್ತದೆ ಅನ್ನುವುದರಿಂದ ಆಗುತ್ತದೆ.

ಮೆಣಸಿನ ಪುಡಿಯ ಲೆಕ್ಕವನ್ನೇ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮದನ್ನು ಹಾಕಿಕೊಳ್ಳಿ. ತಿಂಗಳಿಗೆ 1,000 ಜನ ಸೈಟ್‌ಗೆ ಬರುತ್ತಾರೆ, ಅದರಲ್ಲಿ 10 ಜನ ಆರ್ಡರ್ ಮಾಡುತ್ತಾರೆ. ಒಂದು ಆರ್ಡರ್‌ಗೆ 120 ರೂಪಾಯಿ ಉಳಿಯುತ್ತದೆ. ಒಳ್ಳೆಯ ಬರಹದಿಂದ 10 ಇದ್ದದ್ದು 15 ಆಯಿತು ಅನ್ನಿ. ಅದು ದೊಡ್ಡ ಏರಿಕೆಯೇ. ಆದರೂ ಹೆಚ್ಚಿಗೆ ಬಂದದ್ದು ತಿಂಗಳಿಗೆ 600 ರೂಪಾಯಿ. ಬರಹಕ್ಕೆ 25,000 ಕೊಟ್ಟಿದ್ದರೆ ಅದು ವಾಪಸ್ ಬರಲು ಮೂರೂವರೆ ವರ್ಷ ಬೇಕು. ಅದೇ ತಿಂಗಳಿಗೆ 10,000 ಜನ ಬರುವ ಸೈಟ್ ಆದರೆ ಹೆಚ್ಚಿಗೆ ಸಿಗುವುದು 6,000. ಐದನೇ ತಿಂಗಳಿಗೆ ಹಾಕಿದ ದುಡ್ಡು ಕೈಗೆ ಬಂದಿರುತ್ತದೆ.

ಬರಹ ಅದೇ, ರೇಟ್ ಅದೇ, ವ್ಯತ್ಯಾಸ ಬರುವ ಜನದ್ದು. ಜನವೇ ಬರದ ಸೈಟ್‌ಗೆ ದುಬಾರಿ ಬರಹ ಹಾಕಿಸಿ ಫಲವಿಲ್ಲ. ಮೊದಲು ಜನ ಬರುವ ದಾರಿ ನೋಡಿ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಸರಿಯಾಗಿ ಕಾಣುತ್ತಿದೆಯಾ, ಗೂಗಲ್ ಬಿಸಿನೆಸ್ ಪ್ರೊಫೈಲ್‌ನ 750 ಅಕ್ಷರಗಳ ಪರಿಚಯ ಭರ್ತಿ ಮಾಡಿದ್ದೀರಾ, ಹಳೇ ಗ್ರಾಹಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದ್ದೀರಾ. ಇದೆಲ್ಲ ಖರ್ಚಿಲ್ಲದ ಕೆಲಸ.

ಹೋಮ್‌ಸ್ಟೇ ಲೆಕ್ಕ ಬೇರೆ. ಒಂದು ರಾತ್ರಿಗೆ ಖರ್ಚು ಕಳೆದು 2,000 ಉಳಿಯುತ್ತದೆ ಅಂದರೆ, ವರ್ಷದಲ್ಲಿ 13 ರಾತ್ರಿ ಹೆಚ್ಚಿಗೆ ತುಂಬಿದರೂ 25,000 ಹುಟ್ಟಿತು. ಬುಕಿಂಗ್ ಆ್ಯಪ್ ಬಿಟ್ಟು ನೇರವಾಗಿ ಬಂದವರ ಕಮಿಷನ್ ಉಳಿದದ್ದು ಬೇರೆ. ಒಂದೊಂದು ಗಿರಾಕಿಗೆ ಜಾಸ್ತಿ ಉಳಿಯುವ ವ್ಯಾಪಾರಕ್ಕೆ, ಅಂದರೆ ಒಳಾಂಗಣ ವಿನ್ಯಾಸ, ಸೋಲಾರ್ ಅಳವಡಿಕೆ, ಮದುವೆ ಕಾಂಟ್ರಾಕ್ಟ್ ಇಂಥವಕ್ಕೆ, ಕಡಿಮೆ ಜನ ಬಂದರೂ ಬರಹದ ಖರ್ಚು ಗಿಟ್ಟುತ್ತದೆ.

ಈಗ ದಾರಿಗಳು

ಡೆವಲಪರ್ ಪ್ಯಾಕೇಜ್‌ನಲ್ಲೇ "ಕಂಟೆಂಟ್ ಸೇರಿ" ಅಂತ ಇರುತ್ತದಲ್ಲ, ಅದನ್ನು ಮೊದಲು ಮುಗಿಸಿಬಿಡೋಣ. ನನ್ನ ಸಲಹೆ: ಬೇಡ. ಡೆವಲಪರ್ ತಪ್ಪಲ್ಲ, ಅವರ ಕೆಲಸ ಅದಲ್ಲ. ಅವರಿಗೆ ನಿಮ್ಮ ವ್ಯಾಪಾರದ ಒಳಗು ಗೊತ್ತಿಲ್ಲ, ಕೇಳಲು ಸಮಯವೂ ಇಲ್ಲ. ಹಾಗಾಗಿ ಅದೇ ಬಗೆಯ ಇನ್ನೊಂದು ಸೈಟ್‌ನ ಮಾತು ಹೆಸರು ಬದಲಾಗಿ ನಿಮ್ಮಲ್ಲಿಗೆ ಬರುವ ಸಾಧ್ಯತೆ ಜಾಸ್ತಿ. ಈಗಾಗಲೇ ಅಂಥ ಬರಹ ನಿಮ್ಮ ಸೈಟ್‌ನಲ್ಲಿದ್ದರೆ ಒಂದು ಉದ್ದನೆಯ ವಾಕ್ಯ ತೆಗೆದು ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಅದೇ ವಾಕ್ಯ ಬೇರೆಯವರ ಸೈಟ್‌ನಲ್ಲಿ ಕಂಡರೆ ಅವತ್ತೇ ತೆಗೆಸಿ.

ನೀವೇ ಬರೆಯುವುದು. ಇದರ ಬಗ್ಗೆ ನನಗೆ ತುಂಬಾ ಗೌರವ ಇದೆ. ಮೆಣಸಿನಕಾಯಿ ಕೊಳ್ಳುವಾಗ ಏನು ನೋಡುತ್ತೀರಿ, ತೊಟ್ಟು ಯಾಕೆ ತೆಗೆಯುತ್ತೀರಿ, ಪುಡಿಯ ಬಣ್ಣ ಮಾಸದಿರಲು ಎಲ್ಲಿ ಇಡಬೇಕು, ಇವೆಲ್ಲ ನಿಮ್ಮ ತಲೆಯಲ್ಲಿವೆ. ಯಾವ ಕಾಪಿರೈಟರ್ ಬಂದರೂ ಅದನ್ನು ನಿಮ್ಮಿಂದಲೇ ಕೇಳಿ ಬರೆಯಬೇಕು. ತೊಡಕು ಎಲ್ಲಿ ಅಂದರೆ, ಗಿರಾಕಿ ಮುಂದೆ ಸೊಗಸಾಗಿ ಮಾತಾಡುವವರು ಪೆನ್ನು ಹಿಡಿದ ಕೂಡಲೇ ಸರ್ಕಾರಿ ಸುತ್ತೋಲೆಯ ಭಾಷೆಗೆ ಹೋಗಿಬಿಡುತ್ತಾರೆ. ನೋಡಿ, ಹೀಗೆ:

"ನಮ್ಮ ಸಂಸ್ಥೆಯು ಅತ್ಯುತ್ತಮ ಗುಣಮಟ್ಟದ ಮಸಾಲೆ ಪದಾರ್ಥಗಳನ್ನು ಒದಗಿಸುವಲ್ಲಿ ಮುಂಚೂಣಿಯಲ್ಲಿದ್ದು, ಗ್ರಾಹಕರ ತೃಪ್ತಿಯೇ ನಮ್ಮ ಧ್ಯೇಯವಾಗಿರುತ್ತದೆ."

ಇದರಲ್ಲಿ ಮೆಣಸಿನಕಾಯಿ ಎಲ್ಲಿದೆ? ಇದೇ ವಾಕ್ಯವನ್ನು ಸಿಮೆಂಟ್ ಅಂಗಡಿಗೂ ಹಾಕಬಹುದು, ಅಲ್ವಾ? ಅದೇ ಮಾಲೀಕರನ್ನು ಫೋನಿನಲ್ಲಿ ಕೇಳಿದರೆ ಹೇಳುವುದು ಹೀಗಿರುತ್ತದೆ:

"ಇದು ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಪುಡಿ. ತೊಟ್ಟು ತೆಗೆದು, ಒಣಗಿಸಿ, ಪುಡಿ ಮಾಡಿದ್ದು. ಬಣ್ಣ ಜಾಸ್ತಿ, ಖಾರ ಕಡಿಮೆ. ಮನೇಲಿ ಖಾರ ತಿನ್ನೋರಿದ್ರೆ ಇದರ ಜೊತೆ ಸ್ವಲ್ಪ ಗುಂಟೂರು ಪುಡಿ ಬೆರೆಸಿ. ಡಬ್ಬಿ ಫ್ರಿಜ್‌ನಲ್ಲಿಡಿ, ಬೆಳಕಿಗೆ ಇಟ್ರೆ ಬಣ್ಣ ಹೋಗುತ್ತೆ."

ಎರಡನೆಯದರಲ್ಲಿ ಹೊಗಳಿಕೆ ಒಂದೂ ಇಲ್ಲ. ಆದರೂ ಕೊಳ್ಳುವ ಮನಸ್ಸಾಗುತ್ತದೆ. ತನ್ನ ಪುಡಿಯಲ್ಲಿ ಖಾರ ಕಡಿಮೆ ಅಂತ ತಾನೇ ಹೇಳುವವರ ಮಾತು ನಂಬಬಹುದು ಅನ್ನಿಸುತ್ತದೆ. ಇದು ನನ್ನೊಬ್ಬರ ಅನಿಸಿಕೆಯಲ್ಲ. 1997ರಲ್ಲಿ ಜಾನ್ ಮೋರ್ಕ್ಸ್ ಮತ್ತು ಯಾಕೊಬ್ ನೀಲ್ಸನ್ ಅಮೆರಿಕದಲ್ಲಿ ಒಂದು ಪರೀಕ್ಷೆ ಮಾಡಿದರು. ನೆಬ್ರಾಸ್ಕಾ ರಾಜ್ಯದ ಪ್ರವಾಸಿ ತಾಣಗಳ ಬಗ್ಗೆ ಒಂದೇ ಸೈಟ್‌ನ ಐದು ಆವೃತ್ತಿ ಮಾಡಿ ಜನರಿಗೆ ಓದಲು ಕೊಟ್ಟರು. ಮೊದಲನೆಯದು ಜಾಹೀರಾತಿನ ಹೊಗಳಿಕೆ ಭಾಷೆಯದ್ದು. ಬರಹ ಅರ್ಧಕ್ಕೆ ಇಳಿಸಿ, ಕಣ್ಣಾಡಿಸಿದರೆ ಸಿಗುವಂತೆ ಜೋಡಿಸಿ, ಹೊಗಳಿಕೆ ತೆಗೆದ ಆವೃತ್ತಿ, ಬಳಕೆಗೆ ಅನುಕೂಲದ ಅಳತೆಯಲ್ಲಿ ಮೊದಲನೆಯದಕ್ಕಿಂತ ಶೇ. 124ರಷ್ಟು ಮುಂದೆ ಬಂತು. ನಮ್ಮ ಹೋಮ್‌ಸ್ಟೇ ಸೈಟ್‌ಗಳ "ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ" ನೋಡಿದಾಗಲೆಲ್ಲ ನನಗೆ ಆ ನೆಬ್ರಾಸ್ಕಾ ನೆನಪಾಗುತ್ತದೆ.

ಹಾಗಾದರೆ ನೀವೇ ಬರೆಯುವುದು ಹೇಗೆ? ಬರೆಯಬೇಡಿ, ಮಾತಾಡಿ. ಫೋನಿನ ರೆಕಾರ್ಡರ್ ಆನ್ ಮಾಡಿ, ಎದುರಿಗೆ ಗಿರಾಕಿ ಇದ್ದಾರೆ ಅಂದುಕೊಂಡು ಒಂದೊಂದು ಪದಾರ್ಥದ ಬಗ್ಗೆ ಎರಡು ನಿಮಿಷ ಹೇಳಿ. ಆಮೇಲೆ ಅದನ್ನು ಅಕ್ಷರಕ್ಕೆ ಇಳಿಸಿ. ಜೊತೆಗೆ ಹಿಂದಿನ ಮೂರು ತಿಂಗಳ ವಾಟ್ಸ್‌ಆ್ಯಪ್ ಮೆಸೇಜ್ ತೆರೆದು, ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಈ ಎರಡು ಕಾಗದ ಕೈಯಲ್ಲಿದ್ದರೆ ಸೈಟ್‌ನ ಮುಕ್ಕಾಲು ಬರಹ ಸಿದ್ಧ. ಮುಂದೆ ಕಾಪಿರೈಟರ್ ಹತ್ತಿರ ಹೋದರೂ ಇವೇ ಬೇಕು.

ಚಾಟ್‌ಜಿಪಿಟಿ, ಜೆಮಿನೈ ಇಂಥವು. ಇವನ್ನು ಮುಟ್ಟಲೇಬೇಡಿ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ರೆಕಾರ್ಡ್ ಮಾಡಿದ ಮಾತನ್ನು ಅಕ್ಷರಕ್ಕೆ ತಂದು ಕೊಟ್ಟು "ಇದನ್ನು ಕ್ರಮವಾಗಿ ಜೋಡಿಸು, ಹೊಸದೇನೂ ಸೇರಿಸಬೇಡ" ಅಂದರೆ ಕೆಲಸ ಬೇಗ ಆಗುತ್ತದೆ. ಇಂಗ್ಲಿಷ್ ಪುಟದ ವ್ಯಾಕರಣ ತಿದ್ದಲು, ಗ್ರಾಹಕರು ಇನ್ನೇನು ಕೇಳಬಹುದು ಅಂತ ಯೋಚಿಸಲು ಚೆನ್ನಾಗಿವೆ. ಏನೂ ಕೊಡದೆ "ನನ್ನ ಮಸಾಲೆ ವ್ಯಾಪಾರಕ್ಕೆ ಒಂದು ಪುಟ ಬರೆ" ಅಂದರೆ ಮಾತ್ರ ಕೆಟ್ಟಿತು. ಆಗ ಅದು ತಾನೇ ಊಹಿಸಿ ಬರೆಯುತ್ತದೆ. ನೀವು ಹೇಳದ ಸರ್ಟಿಫಿಕೇಟ್, ಇಲ್ಲದ ಅಜ್ಜನ ಕಾಲದ ಕಥೆ, ಎಲ್ಲ ಬರಬಹುದು. ಕನ್ನಡದಲ್ಲಂತೂ "ನಮ್ಮ ಸಮರ್ಪಿತ ತಂಡವು ಅಸಾಧಾರಣ ಅನುಭವವನ್ನು ಒದಗಿಸಲು ಬದ್ಧವಾಗಿದೆ" ಅನ್ನುವಂಥ ವಾಕ್ಯಗಳು ಸಾಲುಗಟ್ಟುತ್ತವೆ. ಅಂಗಡಿಯಲ್ಲಿ ಯಾರು ಹೀಗೆ ಮಾತಾಡುತ್ತಾರೆ?

ಇನ್ನೊಂದು ಎಚ್ಚರ. ಯಂತ್ರದಿಂದ ಬರೆಸಿದ್ದು ಅನ್ನುವ ಕಾರಣಕ್ಕೇ ಗೂಗಲ್ ಶಿಕ್ಷೆ ಕೊಡುವುದಿಲ್ಲ, ಗುಣಮಟ್ಟ ಮುಖ್ಯ ಅಂತ 2023ರಲ್ಲೇ ಹೇಳಿದೆ. ಆದರೆ ಸರ್ಚ್‌ನಲ್ಲಿ ಮೇಲೆ ಬರುವುದಕ್ಕೆಂದೇ ರಾಶಿ ರಾಶಿ ಪುಟ ಹುಟ್ಟಿಸುವುದನ್ನು 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನೀತಿಯೊಳಗೆ ಸೇರಿಸಿತು. "ಹುಬ್ಬಳ್ಳಿಯಲ್ಲಿ ಬೆಸ್ಟ್ ಸರ್ವಿಸ್, ಧಾರವಾಡದಲ್ಲಿ ಬೆಸ್ಟ್ ಸರ್ವಿಸ್, ಗದಗದಲ್ಲಿ ಬೆಸ್ಟ್ ಸರ್ವಿಸ್" ಅಂತ ಊರಿಗೊಂದು ಪುಟ ಮಾಡಿಕೊಡುತ್ತೇವೆ ಅನ್ನುವವರಿಂದ ದೂರ ಇರಿ.

ಫ್ರೀಲ್ಯಾನ್ಸ್ ಕಾಪಿರೈಟರ್. ಮೇಲಿನ ಲೆಕ್ಕ ಹಾಕಿ ಖರ್ಚು ಗಿಟ್ಟುತ್ತದೆ ಅನ್ನಿಸಿದರೆ ಬಹುತೇಕ ಸಣ್ಣ ವ್ಯಾಪಾರಗಳಿಗೆ ಇವರೇ ಸರಿ. ಆರಿಸುವಾಗ ಹಳೇ ಕೆಲಸದ ಮಾದರಿ ನೋಡಿ, ಆದರೆ ಅದಕ್ಕಿಂತ ಮೊದಲ ಫೋನ್ ಕರೆಯನ್ನು ಗಮನಿಸಿ. "ಎಷ್ಟು ಪುಟ, ಎಷ್ಟು ಪದ?" ಅಂತ ಮಾತ್ರ ಕೇಳಿದರೆ ಬಿಟ್ಟುಬಿಡಿ. "ನಿಮ್ಮ ಹತ್ತಿರ ಯಾರು ಕೊಳ್ಳುತ್ತಾರೆ? ಕೊಳ್ಳದೆ ಹೋದವರು ಏನು ಕಾರಣ ಹೇಳಿದರು? ವಾಪಸ್ ಕಳಿಸಿದ ಆರ್ಡರ್ ಇದೆಯಾ?" ಅಂತ ಕೇಳುವವರು ಸಿಕ್ಕರೆ ಹಿಡಿದುಕೊಳ್ಳಿ.

ರೇಟ್ ಮೂರು ಥರ ಹೇಳುತ್ತಾರೆ: ಪದಕ್ಕೆ ಇಷ್ಟು, ಪುಟಕ್ಕೆ ಇಷ್ಟು, ಒಟ್ಟು ಕೆಲಸಕ್ಕೆ ಇಷ್ಟು. ಪದದ ಲೆಕ್ಕ ನನಗೆ ಹಿಡಿಸುವುದಿಲ್ಲ. ಪದಕ್ಕೆ ದುಡ್ಡು ಅಂದಮೇಲೆ ಬರಹ ಉದ್ದ ಆಗುತ್ತದೆ, ನಿಮಗೆ ಬೇಕಾದದ್ದು ಚಿಕ್ಕದು. ಒಟ್ಟು ಕೆಲಸಕ್ಕೆ ಮಾತಾಡಿ, ಎಷ್ಟು ಸಲ ತಿದ್ದಿಕೊಡುತ್ತಾರೆ ಅಂತ ಬರೆಸಿಕೊಳ್ಳಿ. ಎರಡು ಸಲ ಅಂದರೆ ನ್ಯಾಯವಾದದ್ದು. ಪೂರ್ತಿ ಸೈಟ್ ಕೊಡುವ ಮುಂಚೆ ಒಂದು ಪುಟ ಬರೆಸಿ ನೋಡಿ, ಅದಕ್ಕೆ ದುಡ್ಡು ಕೊಡಿ. ಸ್ಯಾಂಪಲ್ ಅಂತ ಸುಮ್ನೆ ಬರೆಸಿಕೊಳ್ಳುವುದು ತಪ್ಪು, ಒಳ್ಳೆಯವರು ಒಪ್ಪುವುದೂ ಇಲ್ಲ.

ಏಜೆನ್ಸಿ. ಹೊಸ ಬ್ರ್ಯಾಂಡ್ ಬಿಡುತ್ತಿದ್ದೀರಿ, ಜಾಹೀರಾತು, ವಿಡಿಯೊ, ಸೈಟ್, ಪ್ಯಾಕೆಟ್ ಮೇಲಿನ ಬರಹ ಎಲ್ಲ ಒಟ್ಟಿಗೆ ಆಗಬೇಕು ಅಂದರೆ ಏಜೆನ್ಸಿ ಅನುಕೂಲ. ಐದು ಪುಟದ ಸೈಟ್‌ಗೆ ಬೇಡ. ಹೋದರೆ "ನಿಜವಾಗಿ ಬರೆಯುವವರು ಯಾರು, ಅವರ ಜೊತೆ ಒಮ್ಮೆ ಮಾತಾಡಬಹುದಾ?" ಅಂತ ಕೇಳಿ. ಬಿಲ್ ಮೇಲೆ ಶೇ. 18 ಜಿಎಸ್‌ಟಿ ಬರುತ್ತದೆ ಅನ್ನೋದು ಲೆಕ್ಕದಲ್ಲಿರಲಿ. ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ ಫ್ರೀಲ್ಯಾನ್ಸರ್‌ಗಳು ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ನೋಂದಣಿ ಇಲ್ಲದವರು ಜಿಎಸ್‌ಟಿ ಸೇರಿಸುವಂತೆಯೂ ಇಲ್ಲ.

ಇವೆಲ್ಲದರ ನಡುವೆ ಹೆಚ್ಚಿನವರ ಗಮನಕ್ಕೆ ಬಾರದ ದಾರಿ ಒಂದಿದೆ. ನೀವೇ ಬರೆಯಿರಿ, ತಿದ್ದಲು ಮಾತ್ರ ಒಬ್ಬರನ್ನು ಹಿಡಿಯಿರಿ. ಹೊಸದಾಗಿ ಬರೆಯುವುದಕ್ಕಿಂತ ತಿದ್ದುವುದಕ್ಕೆ ಕಡಿಮೆ ಸಮಯ, ಕಡಿಮೆ ದುಡ್ಡು. ಮಾತು ನಿಮ್ಮದೇ ಉಳಿಯುತ್ತದೆ. ನನ್ನನ್ನು ಕೇಳುವ ಸಣ್ಣ ವ್ಯಾಪಾರದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಯಾರು ಬರೆದರೂ ಹೊಣೆ ನಿಮ್ಮದು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಬರಹದಲ್ಲಿ ಹೆಚ್ಚುಕಡಿಮೆ ಆದರೆ ನೋಟಿಸ್ ಬರುವುದು ಕಾಪಿರೈಟರ್ ಮನೆಗಲ್ಲ.

ಸಿರಿಧಾನ್ಯ ಮಾರುವವರ ಸೈಟ್‌ಗಳಲ್ಲಿ "ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ" ಅಂತ ಬರೆದುಬಿಡುತ್ತಾರೆ. ಔಷಧ ಅಂತ ಹೇಳಿ ಹೀಗೆ ಜಾಹೀರಾತು ಮಾಡುವುದನ್ನು ತಡೆಯಲು 1954ರಿಂದಲೇ ಒಂದು ಕಾಯ್ದೆ ಇದೆ, ಅದರ ಕಾಯಿಲೆಗಳ ಪಟ್ಟಿಯಲ್ಲಿ ಮಧುಮೇಹವೂ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಅದೇ ಮಾಡಿದರೆ 50 ಲಕ್ಷದವರೆಗೆ.

"ಸಾವಯವ" ಅನ್ನುವ ಮಾತೂ ಹಾಗೇ. ಆಹಾರ ಪದಾರ್ಥಕ್ಕೆ ಸಾವಯವ ಅಂತ ಹೇಳಿ ಮಾರಲು 2017ರ ನಿಯಮಗಳಿವೆ. ತಾವು ಬೆಳೆದದ್ದನ್ನು ನೇರವಾಗಿ ಮಾರುವ ಸಣ್ಣ ಬೆಳೆಗಾರರಿಗೆ ಸ್ವಲ್ಪ ವಿನಾಯಿತಿ ಬಿಟ್ಟರೆ, ಉಳಿದವರಿಗೆ ಪ್ರಮಾಣಪತ್ರ ಬೇಕು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ. ಆದರೆ ಅದು ಊರಿನ ಬೆಳೆಗೆ ಸಿಕ್ಕಿದ್ದು. ನಿಮ್ಮ ಪುಟದಲ್ಲಿ ಜಿಐ ಚಿಹ್ನೆ ಹಾಕಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿರಬೇಕು. ಒಳ್ಳೆಯ ಕಾಪಿರೈಟರ್ ಇದನ್ನೆಲ್ಲ ಕೇಳಿಯೇ ಬರೆಯುತ್ತಾರೆ. ಕೇಳದವರು ಬರೆದುಕೊಟ್ಟ ಪ್ರತಿ ಹೇಳಿಕೆ ಮುಂದೆಯೂ "ಇದಕ್ಕೆ ಕಾಗದ ಇದೆಯಾ?" ಅಂತ ನೀವೇ ಪೆನ್ಸಿಲ್‌ನಲ್ಲಿ ಬರೆದು ನೋಡಿ.

ಕೆಲವು ಪುಟಗಳಿಗೆ ಕಾಪಿರೈಟರ್ ಬೇಡ, ಆದರೆ ಪುಟ ಇರಲೇಬೇಕು. ಆನ್‌ಲೈನ್ ಮಾರಾಟಕ್ಕೆ 2020ರ ಇ-ಕಾಮರ್ಸ್ ನಿಯಮಗಳು ಅನ್ವಯ ಆಗುತ್ತವೆ. ವ್ಯಾಪಾರದ ಕಾನೂನುಬದ್ಧ ಹೆಸರು, ವಿಳಾಸ, ಸಂಪರ್ಕ, ದೂರು ಕೇಳುವ ಅಧಿಕಾರಿ, ವಾಪಸಾತಿ ಮತ್ತು ಹಣ ಹಿಂತಿರುಗಿಸುವ ಷರತ್ತು, ಎಲ್ಲ ಸ್ಪಷ್ಟವಾಗಿರಬೇಕು. ಪ್ಯಾಕೆಟ್ ಪದಾರ್ಥಕ್ಕೆ ಎಂಆರ್‌ಪಿ, ನಿವ್ವಳ ತೂಕ, ತಯಾರಕರ ವಿವರ ಬೇಕು. ಆಹಾರ ಆದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಹಾಕಿ. ಇದನ್ನು ಆಡಿಟರ್ ಕೂರಿಸಿಕೊಂಡು ಮಾಡಿ.

ಬರಹದ ಹಕ್ಕಿನ ವಿಷಯವೂ ಇದೆ. ದುಡ್ಡು ಕೊಟ್ಟಾಯಿತು, ಬರಹ ನಮ್ಮದು ಅಂತ ಎಲ್ಲರೂ ತಿಳಿದಿರುತ್ತಾರೆ. 1957ರ ಕಾಪಿರೈಟ್ (ಕೃತಿಸ್ವಾಮ್ಯ) ಕಾಯ್ದೆ ಹಾಗೆ ಹೇಳುವುದಿಲ್ಲ. ಸಂಬಳದ ನೌಕರರು ಕೆಲಸದ ಭಾಗವಾಗಿ ಬರೆದದ್ದು ಮಾಲೀಕರದು. ಫ್ರೀಲ್ಯಾನ್ಸರ್ ಬರೆದದ್ದರ ಹಕ್ಕು ಮೊದಲಿಗೆ ಬರೆದವರದ್ದೇ. ಅದು ನಿಮ್ಮ ಹೆಸರಿಗೆ ಬರಬೇಕಾದರೆ ಲಿಖಿತ ಒಪ್ಪಂದ, ಸಹಿ ಬೇಕು. ಆ ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತಲೇ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಹಾಗಾಗಿ "ಕಾಪಿರೈಟ್ ಇರುವಷ್ಟು ಕಾಲ, ಪ್ರಪಂಚದಾದ್ಯಂತ, ವೆಬ್‌ಸೈಟ್ ಮತ್ತು ಬೇರೆಲ್ಲ ಬಳಕೆಗೆ" ಅನ್ನುವ ಒಂದು ಸಾಲು ಹಾಕಿಸಿ. ಒಂದು ಪುಟದ ಕಾಗದ ಸಾಕು. ದುಬೈಗೋ ಅಮೆರಿಕಕ್ಕೋ ಪುಡಿ ಕಳಿಸುವ ಯೋಚನೆ ಇರುವವರಿಗೆ ಆ ಒಂದು ಸಾಲು ಮುಂದೆ ಬೇಕಾಗುತ್ತದೆ.

ಕನ್ನಡ ಪುಟ ಬೇಕು ಅಂದರೆ

ಇಂಗ್ಲಿಷ್ ಸಾಕು ಅನ್ನುವವರ ಜೊತೆ ನಾನು ಜಗಳ ಆಡುವುದಿಲ್ಲ. ಮಷೀನ್ ಶಾಪ್‌ಗೆ ಸಾಕು. ಆದರೆ ರೈತರಿಗೆ ಪಂಪ್‌ಸೆಟ್ ಮಾರುವವರು, ಹಾವೇರಿಯಲ್ಲಿ ಟ್ಯೂಷನ್ ನಡೆಸುವವರು, ಊರಿನ ಮದುವೆ ಛತ್ರದವರು ಕನ್ನಡ ಪುಟ ಮಾಡಿಸದೆ ಇರುವುದು ನನಗೆ ಅರ್ಥ ಆಗುವುದಿಲ್ಲ. ಅವರ ಗಿರಾಕಿ ಅಂಗಡಿಗೆ ಬಂದಾಗ ಕನ್ನಡದಲ್ಲೇ ಅಲ್ವಾ ಮಾತಾಡುವುದು?

ಮಾಡಿಸುವುದಾದರೆ ಇಂಗ್ಲಿಷ್ ಪುಟವನ್ನು ಅನುವಾದಕ್ಕೆ ಕೊಡಬೇಡಿ. ಅದೇ ವಿವರ ಕೊಟ್ಟು ಕನ್ನಡದಲ್ಲೇ ಬೇರೆಯಾಗಿ ಬರೆಸಿ. ಕನ್ನಡ ಬರೆಯುವವರ ಮೊದಲ ಡ್ರಾಫ್ಟ್ ಬಂದ ಕೂಡಲೇ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಗುರುತು ಹಾಕಿ ವಾಪಸ್ ಕಳಿಸಿ.

ಎರಡು ಸಣ್ಣ ವಿಷಯ, ಕೊನೇ ಗಳಿಗೆಯಲ್ಲಿ ಕಾಡುವಂಥವು. ಅನುಭವಿ ಬರಹಗಾರರಲ್ಲಿ ಹಲವರು ಈಗಲೂ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡುತ್ತಾರೆ. ಅಚ್ಚಿಗೆ ಅದು ಸರಿ. ವೆಬ್‌ಸೈಟ್‌ಗೆ ಯೂನಿಕೋಡ್ ಬೇಕು, ಅಂದರೆ ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ. ಪರೀಕ್ಷೆ ಸುಲಭ: ಫೈಲ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ. ಕನ್ನಡವೇ ಕಂಡರೆ ಯೂನಿಕೋಡ್. ವಿಚಿತ್ರ ಚಿಹ್ನೆ ಕಂಡರೆ ಅಲ್ಲ. ಯೂನಿಕೋಡ್‌ನಲ್ಲೇ ಕೊಡಿ ಅಂತ ಅಡ್ವಾನ್ಸ್ ಕೊಡುವಾಗಲೇ ಹೇಳಿಬಿಡಿ. ಇನ್ನೊಂದು, ಇಂಗ್ಲಿಷ್‌ಗೆ ಮಾಡಿದ ಡಿಸೈನ್‌ನಲ್ಲಿ ಸಾಲುಗಳ ನಡುವೆ ಜಾಗ ಕಡಿಮೆ ಇರುತ್ತದೆ. ಕನ್ನಡ ಹಾಕಿದಾಗ ಶೀರ್ಷಿಕೆಯ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಇಲ್ಲ ಕತ್ತರಿಸಿ ಹೋಗುತ್ತವೆ. "ಸ್ವಾತಂತ್ರ್ಯ", "ಸಾಮರ್ಥ್ಯ" ಅನ್ನುವಂಥ ಪದ ಹಾಕಿ ಡೆವಲಪರ್‌ಗೆ ತೋರಿಸಿ, ಸಾಲಿನ ಅಂತರ ಹೆಚ್ಚಿಸಲು ಹೇಳಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಇಂಥ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಕಾಪಿರೈಟರ್‌ಗೆ ಫೋನ್ ಮಾಡುವ ಸಮಯ ಬಂತು ಅಂತ ಗೊತ್ತಾಗುವುದು ಹೇಗೆ

ಸೈಟ್ ಈಗಾಗಲೇ ಇದ್ದರೆ ಗೂಗಲ್ ಸರ್ಚ್ ಕನ್ಸೋಲ್ ಹಾಕಿಸಿ, ಅದು ಉಚಿತ. ಯಾವ ಪದ ಹುಡುಕಿ ಜನ ನಿಮ್ಮ ಸೈಟ್ ಕಂಡರು, ಎಷ್ಟು ಜನ ಒತ್ತಿದರು ಅನ್ನುವ 16 ತಿಂಗಳ ಲೆಕ್ಕ ಅಲ್ಲಿ ಸಿಗುತ್ತದೆ. ಹುಡುಕಿದಾಗ ಕಾಣುತ್ತಿದ್ದೀರಿ, ಯಾರೂ ಒತ್ತುತ್ತಿಲ್ಲ ಅಂದರೆ ಶೀರ್ಷಿಕೆ, ಅದರ ಕೆಳಗಿನ ಎರಡು ಸಾಲು ಸರಿಯಿಲ್ಲದಿರಬಹುದು. ಅದನ್ನು ನೀವೇ ತಿದ್ದಿ ನೋಡಿ. ಜನ ಬರುತ್ತಿದ್ದಾರೆ, ಪುಟ ಓದಿದ ಮೇಲೂ ಫೋನ್ ಮಾಡಿ "ಇದು ಏನು, ಹೇಗೆ?" ಅಂತ ಮೂಲದಿಂದ ಕೇಳುತ್ತಿದ್ದಾರೆ ಅಂದರೆ ಪುಟ ತನ್ನ ಕೆಲಸ ಮಾಡುತ್ತಿಲ್ಲ. ಫೋನಿನಲ್ಲಿ ಮಾತಾಡಿದವರು ಕೊಳ್ಳುತ್ತಾರೆ, ಸೈಟ್ ಮಾತ್ರ ನೋಡಿದವರು ಕೊಳ್ಳುವುದಿಲ್ಲ ಅಂದರೆ ಅದಕ್ಕಿಂತ ಸ್ಪಷ್ಟ ಗುರುತು ಬೇರೆ ಬೇಡ. ನಿಮ್ಮ ಬಾಯಲ್ಲಿರುವ ಮಾತು ಪುಟದ ಮೇಲೆ ಇಲ್ಲ. ಅದನ್ನು ಇಳಿಸುವವರು ಬೇಕು.

ಕೆಲವು ಸಲ ಈ ಗುರುತುಗಳೆಲ್ಲ ಇದ್ದರೂ ತಡೆಯಬೇಕು. ಬೆಲೆ ಇನ್ನೂ ತೀರ್ಮಾನ ಆಗಿಲ್ಲ, ಕಾಲು ಕೆಜಿ ಪ್ಯಾಕೆಟ್ ಮಾಡುವುದೋ ಅರ್ಧ ಕೆಜಿಯೋ ಗೊತ್ತಿಲ್ಲ, ಕೊರಿಯರ್ ಯಾರು ಅಂತ ಗೊತ್ತಿಲ್ಲ. ಇಂಥ ಹೊತ್ತಲ್ಲಿ ಬರೆಸಿದರೆ ಎರಡು ತಿಂಗಳಿಗೆ ಮತ್ತೆ ಬರೆಸಬೇಕಾಗುತ್ತದೆ. ಮೊದಲು ಒಂದಷ್ಟು ಆರ್ಡರ್ ವಾಟ್ಸ್‌ಆ್ಯಪ್‌ನಲ್ಲೇ ಮಾಡಿ ಮುಗಿಸಿ. ಗ್ರಾಹಕರು ಏನು ಕೇಳುತ್ತಾರೆ ಅಂತ ಗೊತ್ತಾಗಲಿ.

ಬರೆಸಲು ಹೊರಟಾಗಲೂ ಪೂರ್ತಿ ಸೈಟ್ ಒಂದೇ ಸಲ ಕೊಡಬೇಡಿ. ಜಾಸ್ತಿ ಜನ ಬರುವ ಒಂದು ಪುಟ ಆರಿಸಿ. ಹಳೇ ಬರಹವನ್ನು ಬೇರೆ ಕಡೆ ಉಳಿಸಿಡಿ, ತಾರೀಖು ಬರೆದಿಡಿ. ಹೊಸ ಬರಹ ಹಾಕಿ ಎರಡು ಮೂರು ತಿಂಗಳು ಬಿಡಿ. ದೀಪಾವಳಿ, ಮದುವೆ ಸೀಸನ್, ಮಳೆಗಾಲದ ಏರುಪೇರು ಇರುತ್ತದೆ, ಹಾಗಾಗಿ ಸಾಧ್ಯವಾದರೆ ಹಿಂದಿನ ವರ್ಷದ ಅದೇ ತಿಂಗಳುಗಳ ಜೊತೆ ಹೋಲಿಸಿ. ಆರ್ಡರ್ ಏರಿದ್ದರೆ ಉಳಿದ ಪುಟಗಳನ್ನೂ ಅವರಿಗೇ ಕೊಡಿ. ಏರದಿದ್ದರೆ ಬರಹಕ್ಕೆ ಮತ್ತೆ ದುಡ್ಡು ಹಾಕುವ ಮುಂಚೆ ಫೋಟೊ, ಬೆಲೆ, ಕೊರಿಯರ್ ಚಾರ್ಜ್ ಈ ಮೂರನ್ನು ನೋಡಿ. 250 ರೂಪಾಯಿ ಪುಡಿಗೆ 90 ರೂಪಾಯಿ ಕೊರಿಯರ್ ಅಂತ ಕೊನೇ ಪುಟದಲ್ಲಿ ಕಂಡು ವಾಪಸ್ ಹೋದವರನ್ನು ಯಾವ ಬರಹವೂ ತಡೆದು ನಿಲ್ಲಿಸುವುದಿಲ್ಲ.